ಹುಣಸೆಬೀಜ ಪ್ರಕಾಶನದ ಒಂದಕ್ಷರ

ತಪ್ಪು ಮಾಡದವರು ಯಾರಿದ್ದಾರೆ ಎಂದು ಎಲ್ಲರೂ ಸುಲಭವಾಗಿ ಹೇಳಿಬಿಡುತ್ತಾರೆ. ಆದರೆ ತಪ್ಪಿನಲ್ಲೂ ಅದೃಷ್ಟ ಎಂಬುದೊಂದಿದೆ. ದರ್ಜಿ ಮಾಡಿದ ತಪ್ಪನ್ನು ಬಿಚ್ಚಿ ಹೊಲಿಯಬಹುದು. ಅಡುಗೆಯವನು ಉಪ್ಪು ಜಾಸ್ತಿ ಹಾಕಿದರೆ ಒಂದು ಚೊಂಬು ನೀರು ಸುರಿದು, ಇದು ತಿಳಿಸಾರು ಎಂದು ಬಡಿಸಬಹುದು. ಪ್ರೆಸ್ಸಿನವನ ತಪ್ಪು ಹಾಗಲ್ಲ. ಅದು ಐನೂರು ಪ್ರತಿಯಾಗಿ, ಮೂಲೆಗೆ ಅರಿಶಿನ ಹಚ್ಚಿಸಿಕೊಂಡು ಊರೂರಿಗೆ ಹೋಗುತ್ತದೆ. ಕೊಳ್ಳೇಗಾಲದಲ್ಲಿ ನನ್ನದೊಂದು ಸಣ್ಣ ಪ್ರೆಸ್ಸಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ರೇಷ್ಮೆ ಸೀರೆ ಡಬ್ಬದ ಲೇಬಲ್ಲು, ತಿಥಿ ಕಾರ್ಡು, ಇಷ್ಟೇ ನನ್ನ ಸಾಹಿತ್ಯ. ಒಮ್ಮೆ ಕುಂತೂರಿನವರೊಬ್ಬರ ಮಗಳ ಮದುವೆಗೆ ‘ತಾವು ಆಗಮಿಸಿ ವಧೂವರರನ್ನು ಹರಸಬೇಕು’ ಎಂದು ಇರಬೇಕಾದ ಕಡೆ ‘ಅರಸಬೇಕು’ ಎಂದು ಅಚ್ಚಾಯಿತು. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ, ನಿಜ. ಅವತ್ತು ನನ್ನ ಬೆರಳಲ್ಲೂ ನಿಂತಿರಲಿಲ್ಲ. ಹುಡುಗಿಯ ಅಪ್ಪ ಪತ್ರಿಕೆಯ ಕಟ್ಟನ್ನು ಮೇಜಿನ ಮೇಲಿಟ್ಟು ಬಹಳ ಶಾಂತವಾಗಿ ಹೇಳಿದರು: “ಗಂಡ ಅರಸಿ ಅರಸಿ ನಮ್ಗೇ ಮೂರು ವರ್ಸ ಆಗೋಯ್ತು ಸಾ. ಇನ್ನು ಊಟಕ್ಕೆ ಬಂದೋರೂ ಅರಸ್ಬೇಕಾ?”

ಇಂಥ ತಪ್ಪುಗಳನ್ನು ನಾನು ಲೆಕ್ಕವಿಲ್ಲದಷ್ಟು ಮಾಡಿದ್ದೇನೆ, ಬೈಸಿಕೊಂಡಿದ್ದೇನೆ, ಮತ್ತೆ ಅಚ್ಚು ಹಾಕಿಕೊಟ್ಟಿದ್ದೇನೆ. ಆದರೆ ಒಂದು ತಪ್ಪಿಗೆ ಮಾತ್ರ ಬೈಗುಳದ ಬದಲು ಶಾಲು ಹೊದಿಸಿಕೊಂಡೆ, ಹಣ್ಣಿನ ಬುಟ್ಟಿ ಪಡೆದೆ. ಅದೇ ತಪ್ಪಿನಿಂದ ನನ್ನ ಅತ್ಯಂತ ಹಳೆಯ ಸ್ನೇಹಿತನನ್ನು ಕಳೆದುಕೊಂಡೆ. ಅದನ್ನು ಹೇಳಬೇಕಾದರೆ ಚೌಡಪ್ಪನಿಂದ ಶುರು ಮಾಡಬೇಕು.

ಚೌಡಪ್ಪ ನನ್ನ ಬಾಲ್ಯದ ಗೆಳೆಯ. ನೇಕಾರರ ಮನೆಯವನು, ಆದರೆ ಮಗ್ಗದ ಮುಂದೆ ಕೂತವನಲ್ಲ. ಅವನದು ಗ್ರಾಫ್ ಬರೆಯುವ ಕೆಲಸ. ಸೀರೆಯ ಅಂಚಿಗೆ ಬರುವ ಮಾವಿನಕಾಯಿ, ಹಂಸ, ಬಳ್ಳಿ ಎಲ್ಲವನ್ನೂ ಮೊದಲು ಕಾಗದದ ಪುಟ್ಟ ಪುಟ್ಟ ಚೌಕಗಳಲ್ಲಿ ತುಂಬಿಕೊಡಬೇಕು; ಅದನ್ನು ನೋಡಿಕೊಂಡು ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟುತ್ತಾರೆ. ಇಪ್ಪತ್ತೈದು ವರ್ಷ ಅವನು ಕೆಂಪು ಪೆನ್ಸಿಲ್ ಹಿಡಿದು ಚೌಕ ತುಂಬಿದ. ಆಮೇಲೆ ಕಂಪ್ಯೂಟರ್ ಬಂತು. ಅವನು ಹದಿನೈದು ದಿನ ಕೂತು ಬರೆಯುತ್ತಿದ್ದ ಅಂಚನ್ನು ಅದು ಟೀ ತಣ್ಣಗಾಗುವಷ್ಟರಲ್ಲಿ ಬರೆದು ಮುಗಿಸಿತು. ಚೌಡಪ್ಪ ಯಾರೊಂದಿಗೂ ಜಗಳವಾಡಲಿಲ್ಲ. ಉಳಿದಿದ್ದ ಗ್ರಾಫ್ ಕಾಗದದ ಸುರುಳಿ, ಪೆನ್ಸಿಲ್ ಡಬ್ಬಿ ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ನನ್ನ ಪ್ರೆಸ್ಸಿಗೆ ಬಂದು, ಕಟಿಂಗ್ ಮೆಷಿನ್ ಪಕ್ಕದ ಬೆಂಚಿನ ಮೇಲೆ ಕೂತ. ಮರುದಿನವೂ ಬಂದ. ಅದರ ಮರುದಿನ ನಾನೇ ಅವನಿಗೂ ಸೇರಿಸಿ ಟೀ ಹೇಳಿದೆ.

ಕರೆಂಟು ಹೋದಾಗ ನಾವಿಬ್ಬರೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದುಕೊಂಡು ಚೌಕಾಬಾರ ಆಡುತ್ತಿದ್ದೆವು. ಕವಡೆ ಬದಲು ಹುಣಸೆಬೀಜ. ಒಂದು ಪಕ್ಕ ಕಲ್ಲಿಗೆ ಉಜ್ಜಿದರೆ ಬೆಳ್ಳಗಾಗುತ್ತದೆ, ಇನ್ನೊಂದು ಪಕ್ಕ ಕರ್ರಗೇ ಇರುತ್ತದೆ. ಎಸೆದಾಗ ಬಿಳುಪು ಎಷ್ಟು ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆಯಬೇಕು. ಕೊಳ್ಳೇಗಾಲದಲ್ಲಿ ಕರೆಂಟು ಹೋಗುವುದು ಅಪರೂಪವಲ್ಲವಾದ್ದರಿಂದ ಆಟ ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಚೌಡಪ್ಪ ಕಾಯಿ ನಡೆಸುವುದನ್ನು ಬಿಟ್ಟು ಮನೆಗಳನ್ನೇ ನೋಡುತ್ತಾ ಕೂತ.

“ಲೇ ಮಾದೇವ, ನಾನು ಉಟ್ಟಿದಾಗಿಂದ ಚೌಕ ಬರ್ದಿದ್ದೀನಿ. ಇದೂ ಚೌಕವೇ ಅಲ್ವೇನ್ಲಾ? ನಾನೊಂದು ಆಟ ಬರೀತೀನಿ, ನೀನು ಪ್ರಿಂಟ್ ಆಕು” ಎಂದ.

ನಮ್ಮ ಹುಣಸೆಬೀಜ ಪ್ರಕಾಶನ ಹುಟ್ಟಿದ್ದು ಹೀಗೆ. ಪ್ರಕಾಶನ ಎಂಬ ಪದ ನನ್ನ ಆಸೆ. ಅದರಿಂದ ಆದ ಮೊದಲ ಲಾಭವೆಂದರೆ ಹನೂರಿನ ನಿವೃತ್ತ ಮೇಷ್ಟರೊಬ್ಬರು ಬೋರ್ಡು ನೋಡಿ, ಮುನ್ನೂರು ಪದ್ಯಗಳ ಕಟ್ಟು ಹಿಡಿದುಕೊಂಡು ಒಳಗೆ ಬಂದದ್ದು. ನಾವು ಪುಸ್ತಕ ಹಾಕುವುದಿಲ್ಲ, ಆಟ ಹಾಕುತ್ತೇವೆ ಎಂದು ನಾನು ಎಷ್ಟು ಹೇಳಿದರೂ ಅವರು ಕೂತೇ ಇದ್ದರು. ಕೊನೆಗೆ ಚೌಡಪ್ಪ ಬೆಂಚಿನಿಂದಲೇ, “ಸಾ, ನಿಮ್ ಪದ್ಯನ ಒಂದೊಂದು ಮನೆ ಮಾಡಿ, ಮೂರು ಬಿದ್ರೆ ಈ ಪದ್ಯ ಬುಟ್ಟು ಮುಂದುಕ್ಕೋಗಿ ಅಂತ ಆಕದಾದ್ರೆ ಆಕ್ತೀವಿ” ಎಂದ. ಮೇಷ್ಟರು ಕಟ್ಟನ್ನು ಎದೆಗವಚಿಕೊಂಡು ಹೊರಟುಹೋದರು.

ನಮ್ಮ ಮೊದಲ ಆಟದ ಹೆಸರು ‘ಬೆಟ್ಟ ಹತ್ತು’. ಯಳಂದೂರಿನಿಂದ ಹೊರಟು ಬಿಳಿಗಿರಿರಂಗನ ಬೆಟ್ಟದ ತುದಿ ಮುಟ್ಟಬೇಕು. ದಾರಿಯಲ್ಲಿ ಆನೆ ಅಡ್ಡ ಬಂದರೆ ಒಂದು ಸರದಿ ನಿಲ್ಲಬೇಕು. ಫಾರೆಸ್ಟ್ ಗೇಟು ಮುಚ್ಚಿದ್ದರೆ ಎರಡು ಮನೆ ಹಿಂದೆ. ಹಿಂದಿನವನ ಕಾಯಿ ನಮ್ಮ ಮನೆಗೇ ಬಂದರೆ ನಾವು ಬಿದ್ದೆವು. ಚೌಡಪ್ಪ ಮೂರು ತಿಂಗಳು ಕೂತು ಬರೆದ. ಕಟ್ಟಕಡೆಯ ಮನೆಗೆ, ಅಂದರೆ ಬೆಟ್ಟದ ತುದಿಗೆ, ಒಂದು ಮಾವಿನಕಾಯಿ ಅಂಚು ಬರೆದ ನೋಡಿ, ನಾನು ಅಷ್ಟು ವರ್ಷ ಸೀರೆ ಲೇಬಲ್ಲು ಹಾಕಿದವನು, ಅಂಥದ್ದನ್ನು ಕಂಡಿರಲಿಲ್ಲ. ಬೆಟ್ಟದ ಮೇಲೆ ಮಾವಿನಕಾಯಿ ಯಾಕೋ ಎಂದರೆ, “ಗೆದ್ದೋನು ಅಲ್ಲಿ ಕುಂತ್ಕಂಡು ಏನಾರ ನೋಡ್ಬೇಡ್ವಾ?” ಎಂದ.

ಡಬ್ಬ ಮಾಡಿಸುವ ಶಕ್ತಿ ನಮಗಿರಲಿಲ್ಲ. ಹೆಸರು ಬದಲಾಯಿಸಿದ ರೇಷ್ಮೆ ಅಂಗಡಿಯವರೊಬ್ಬರು ಹಳೆಯ ಹೆಸರಿನ ಸೀರೆ ಡಬ್ಬಗಳನ್ನು ಸುಮ್ಮನೆ ಕೊಟ್ಟರು. ಮುಚ್ಚಳಕ್ಕೆ ನಮ್ಮ ಲೇಬಲ್ಲು ಅಂಟಿಸಿದೆವು. ಪಕ್ಕದಲ್ಲಿ ‘ಶುದ್ಧ ರೇಷ್ಮೆ’ ಎಂದು ಇದ್ದದ್ದು ಹಾಗೇ ಉಳಿಯಿತು. ಸಕ್ಕರೆ ಕಾರ್ಖಾನೆಯ ನೌಕರನೊಬ್ಬ ಅದನ್ನು ಮಕ್ಕಳಿಗೆಂದು ಕೊಂಡು, ಹೆಂಡತಿಯ ಕೈಗೆ ಕೊಟ್ಟನಂತೆ. ಆಕೆ ಡಬ್ಬವನ್ನು ಕಣ್ಣಿಗೊತ್ತಿಕೊಂಡು ಮುಚ್ಚಳ ತೆಗೆದಳು. “ಮೂರು ದಿನ ಮಾತಿಲ್ಲ ಕತೆಯಿಲ್ಲ ಸಾ. ನಾಕ್ನೇ ದಿನ ಅವ್ಳೇ ಬಂದು ಆಟಕ್ಕೆ ಕುಂತ್ಲು. ಕುಂತು ನನ್ ಕಾಯಿನೇ ಉಡುಕ್ಕಂಡು ಬಂದು ಬಂದು ಬೀಳ್ಸುದ್ಲು” ಎಂದು ಆತ ಪ್ರೆಸ್ಸಿಗೇ ಬಂದು ಹೇಳಿ ಹೋದ. ಬೀಜ ಉಜ್ಜುವ ಕೆಲಸ ನನ್ನ ಹೆಂಡತಿ ನಾಗರತ್ನಳದು. ಯಳಂದೂರಿನವಳು, ಚೌಕಾಬಾರದಲ್ಲಿ ನನ್ನನ್ನು ಮದುವೆಯಾದ ವಾರದಲ್ಲೇ ಸೋಲಿಸಿದವಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಟ್ಟೆಗಿಂತ ಹೆಚ್ಚು ಬೀಜ ತಿಕ್ಕಿ, “ನಿಮ್ ಪ್ರಕಾಶನ ಅಂದ್ರೆ ನನ್ ಬೆರಳ ತುದಿ ಕಣ್ರೀ” ಎಂದು ಕೈ ತೋರಿಸುತ್ತಿದ್ದಳು.

ಇನ್ನು ಉಳಿದದ್ದು ನಿಯಮದ ಹಾಳೆ. ಅದು ನನ್ನ ಪಾಲಿನ ಕೆಲಸ. ಚೌಡಪ್ಪ ಕೈಯಲ್ಲಿ ಬರೆದುಕೊಟ್ಟ ಹನ್ನೊಂದು ನಿಯಮಗಳನ್ನು ನಾನು ಟೈಪ್ ಮಾಡಿದೆ. ಅದೇ ವಾರ ಯಾವುದೋ ಸೊಸೈಟಿ ಎಲೆಕ್ಷನ್ನು ಮುಗಿದು, ‘ಗೆದ್ದವರಿಗೆ ಅಭಿನಂದನೆಗಳು’ ಎಂಬ ಕರಪತ್ರಗಳು ನಾಲ್ಕೈದು ಬಗೆಯಲ್ಲಿ ನನ್ನ ಪ್ರೆಸ್ಸಿನಲ್ಲಿ ಓಡುತ್ತಿದ್ದವು. ಬೆರಳಿಗೆ ಅದೇ ಅಭ್ಯಾಸವಾಗಿತ್ತೋ ಏನೋ. ‘ಬಿದ್ದವರು ಮತ್ತೆ ಮೊದಲ ಮನೆಯಿಂದ ಆಡಬೇಕು’ ಎಂಬುದು ‘ಗೆದ್ದವರು ಮತ್ತೆ ಮೊದಲ ಮನೆಯಿಂದ ಆಡಬೇಕು’ ಎಂದಾಯಿತು. ಒಂದೇ ಅಕ್ಷರ. ನಾನೂ ನೋಡಲಿಲ್ಲ, ಚೌಡಪ್ಪನೂ ನೋಡಲಿಲ್ಲ. ಅವನು ಆಟದ ಡಬ್ಬಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿ, ಯಳಂದೂರು, ಹನೂರು, ರಾಮಾಪುರ ಎಂದು ಅಂಗಡಿ ಅಂಗಡಿಗೆ ಕೊಟ್ಟು ಬಂದ.

ಒಂದು ತಿಂಗಳ ಮೇಲೆ ರಾಮಾಪುರದಿಂದ ಒಬ್ಬ ಹೆಂಗಸು ಪ್ರೆಸ್ಸು ಹುಡುಕಿಕೊಂಡು ಬಂದಳು. ಹೆಸರು ಚಿಕ್ಕತಾಯಮ್ಮ. ಬಸ್ ಸ್ಟಾಪಿನ ಹತ್ತಿರ ಇಡ್ಲಿ ಅಂಗಡಿ ಇಟ್ಟವಳು.

“ಸಾ, ನಿಮ್ ಆಟ ಯಾವಾಗ ಮುಗಿಯದು?” ಎಂದಳು.

ಒಂದು ಗಂಟೆ ಆಗಬಹುದು ತಾಯಿ ಎಂದೆ.

“ಒಂದು ಗಂಟೆಯಾ? ಅಬ್ಬದ ದಿನ ಸುರು ಮಾಡಿದ್ದು ಸಾ, ಇನ್ನೂ ನಡೀತಾನೇ ಅದೆ. ಗೆದ್ದೋರು ಮತ್ತೆ ಕೆಳಕ್ಕೋಗ್ಬೇಕು ಅಂತ ಬರ್ದಿದ್ದೀರಿ. ಬಿದ್ದೋರ್ ಬಗ್ಗೆ ಏನೂ ಬರ್ದಿಲ್ಲ. ಅದ್ಕೇ ಬಿದ್ದೋರು ಅಲ್ಲೇ ಎದ್ದು ಮುಂದುಕ್ಕೋಯ್ತಾ ಅವ್ರೆ.”

ಚೌಡಪ್ಪ ಬೆಂಚಿನಿಂದ ಎದ್ದು ಬಂದು ಹಾಳೆ ಕಿತ್ತುಕೊಂಡು ಓದಿದ. ನನ್ನ ಕಡೆ ನೋಡಿದ. ನಾನು ಕೂಡಲೇ ಕೈಮುಗಿದು, ತಪ್ಪಾಗಿದೆ, ಈಗಲೇ ತಿದ್ದಿದ ಹಾಳೆ ಕೊಡುತ್ತೇನೆ ಎಂದೆ. ಚಿಕ್ಕತಾಯಮ್ಮ ಗಾಬರಿಯಾದಳು. “ಅಯ್ಯೋ ಬ್ಯಾಡಿ ಸಾ, ತಿದ್ದಬ್ಯಾಡಿ! ನಮ್ ಮಾವಂಗೆ ಒಂದು ಕೈ ಸ್ವಾಧೀನ ಇಲ್ಲ. ಯಾವ ಆಟಕ್ಕೆ ಕುಂತ್ರೂ ಮೊದ್ಲು ಸೋತು ಗೋಡೆ ಕಡೆ ತಿರುಕ್ಕಂಡು ಮಲೀಕತಿದ್ರು. ಈ ಆಟ್ದಲ್ಲಿ ಅವ್ರಿಗೆ ಸೋಲೇ ಇಲ್ಲ. ಗೆದ್ದೋನು ಮಕ ಉಳ್ಳಗೆ ಮಾಡ್ಕಂಡು ಕೆಳಗಿಳಿಯೋವಾಗ ನಮ್ ಮಾವ ನಗ್ತಾರೆ ಸಾ. ನಾನು ಬಂದಿದ್ದು ಬೀಜ ಕಳ್ದೋಗವೆ, ಬೇರೆ ಕೊಡಿ ಅಂತ ಕೇಳಕ್ಕೆ.”

ಬೀಜ ಕೊಟ್ಟು ಕಳಿಸಿದೆವು. ಚೌಡಪ್ಪನ ಹಟಕ್ಕೆ ಎರಡನೇ ಸಲ ಅಚ್ಚು ಹಾಕುವಾಗ ‘ಬಿದ್ದವರು’ ಎಂದೇ ತಿದ್ದಿದೆ. ಅಂಗಡಿಯವರು ವಾಪಸ್ಸು ಕಳಿಸಿದರು. “ಇದಲ್ಲ ಸಾ, ಗೆದ್ದೋರು ಕೆಳಕ್ಕೋಗೋದು ಕೊಡಿ. ಇಂಥದು ಎಲ್ಲಾ ಕಡೆ ಸಿಕ್ತದೆ” ಎಂದರು. ವಿಧಿಯಿಲ್ಲದೆ ಮತ್ತೆ ತಪ್ಪನ್ನೇ ಅಚ್ಚು ಹಾಕಿದೆವು. ಚೌಡಪ್ಪ ಆ ಹಾಳೆಗಳನ್ನು ಮಡಿಸುತ್ತಾ, “ಅಲ್ಲಿ ಗಂಟ ಅತ್ಕಂಡೋಗಿ ಒಂದ್ ಗಳಿಗೆ ನಿಲ್ದೆ ಇಳಿಯದಾದ್ರೆ ನಾನ್ಯಾಕೆ ಅಷ್ಟು ದಿನ ಕುಂತು ಬರ್ದೆ?” ಎಂದು ಒಂದೇ ಒಂದು ಸಲ ಕೇಳಿದ. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಏಕೆಂದರೆ ಅಷ್ಟರಲ್ಲಿ ನನಗೆ ನನ್ನ ತಪ್ಪಿನ ಮೇಲೆ ಪ್ರೀತಿ ಹುಟ್ಟಿತ್ತು.

ಆಗಲೇ ಹನೂರಿನ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ನಮ್ಮಿಬ್ಬರನ್ನೂ ಕರೆದರು. ವೇದಿಕೆ, ಶಾಲು, ಹೂವಿನ ಹಾರ, ಹಣ್ಣಿನ ಬುಟ್ಟಿ, ಮುಂದೆ ಮೈಕು. ನಾನು ಲಗ್ನಪತ್ರಿಕೆ ಹೊಡೆಯುವವನು. ಬೇರೆಯವರ ಹೆಸರನ್ನೇ ದಪ್ಪಕ್ಷರದಲ್ಲಿ ಹಾಕಿ ಹಾಕಿ ಸಾಕಾಗಿದ್ದವನು. ಮೈಕು ಕೈಗೆ ಬಂದದ್ದೇ ತಡ, ಬುದ್ಧಿ ಕೈತಪ್ಪಿತು. “ಮಕ್ಕಳೇ, ಗೆಲುವೆಂಬುದು ಕೊನೆಯಲ್ಲ. ಗೆದ್ದವನು ಮತ್ತೆ ಕೆಳಗಿನಿಂದ ಶುರು ಮಾಡಬೇಕು. ಬಹಳ ದಿನ ಯೋಚನೆ ಮಾಡಿಯೇ ನಾನು ಈ ನಿಯಮ ಇಟ್ಟೆ” ಎಂದುಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ. ಹೆಡ್ಮಾಸ್ಟರು ಕಣ್ಣೊರೆಸಿಕೊಂಡರು. ಚೌಡಪ್ಪನನ್ನು ಮಾತಾಡಲು ಕರೆದರೆ, “ನಂದೇನೂ ಇಲ್ಲ” ಎಂದು ಕೂತಲ್ಲೇ ಕೈಮುಗಿದ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಹಣ್ಣಿನ ಬುಟ್ಟಿಗಳನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕಪಕ್ಕ ಕೂತಿದ್ದೆವು. ಅರ್ಧ ದಾರಿಯಲ್ಲಿ ಚೌಡಪ್ಪ, “ಯೋಚ್ನೆ ಮಾಡಿ ಇಟ್ಯಾ?” ಎಂದ.

“ಮಾತಿಗೆ ಅಂದೆ ಕಣ್ಲಾ.”

“ಊಂ” ಎಂದ. ಅಷ್ಟೇ. ಮರುದಿನ ಬೆಳಿಗ್ಗೆ ಪ್ರೆಸ್ಸಿಗೆ ಬಂದು, ಬೆಂಚಿನ ಕೆಳಗಿದ್ದ ಗ್ರಾಫ್ ಸುರುಳಿಯನ್ನೂ ಪೆನ್ಸಿಲ್ ಡಬ್ಬಿಯನ್ನೂ ತೆಗೆದುಕೊಂಡ. ನಾನು ಟೀ ಹೇಳಿದೆ. ಟೀ ಬರುವಷ್ಟರಲ್ಲಿ ಹೋಗಿದ್ದ.

ಎರಡು ವರ್ಷ ಅವನು ಬರಲಿಲ್ಲ. ನಾನೂ ಹೋಗಲಿಲ್ಲ. ಅವನಿಲ್ಲದಿದ್ದರೇನು, ನನಗೇನು ಕೈಯಿಲ್ಲವೇ ಎಂದು ನಾನೇ ಕಂಪ್ಯೂಟರಿನಲ್ಲಿ ‘ಕಬ್ಬಿನ ಟ್ರ್ಯಾಕ್ಟರ್’ ಎಂಬ ಆಟ ಮಾಡಿದೆ. ಹೊಲದಿಂದ ಕಾರ್ಖಾನೆಗೆ ಕಬ್ಬು ಸಾಗಿಸುವುದು. ಮೊದಲ ಪ್ರತಿಯನ್ನು ನಾಗರತ್ನಳ ಮುಂದೆ ಹರಡಿದೆ. ಅವಳು ಅರ್ಧ ಗಂಟೆ ಆಡಿ, “ರೀ, ಹದಿನೇಳನೇ ಮನೆಯಿಂದ ಒಂಬತ್ತಕ್ಕೆ ಬಾ ಅಂತಾದೆ, ಒಂಬತ್ರಿಂದ ಹದಿನೇಳಕ್ಕೋಗು ಅಂತಾದೆ. ಈ ಕಬ್ಬು ದಾರೀಲೇ ಒಣಗೋಯ್ತದೆ” ಎಂದು ಎದ್ದು ಒಲೆಯ ಮುಂದೆ ಹೋದಳು. ಕರೆಂಟು ಹೋದಾಗ ಆಡಲು ಜೊತೆಯಿರಲಿಲ್ಲ. ಕತ್ತಲಲ್ಲಿ ಸುಮ್ಮನೆ ಕೂತಿರುತ್ತಿದ್ದೆ. ಬೆಂಚಿನ ಮೇಲೆ ಕಾಗದದ ಕಟ್ಟು ಪೇರಿಸಬಹುದಿತ್ತು. ಜಾಗದ ಅಭಾವವೂ ಇತ್ತು. ಯಾಕೋ ಪೇರಿಸಲಿಲ್ಲ.

ಒಂದು ದಿನ ಚಿಕ್ಕತಾಯಮ್ಮ ಮತ್ತೆ ಬಂದಳು. ನಿಯಮದ ಹಾಳೆ ಹರಿದು ಚೂರಾಗಿತ್ತಂತೆ. ಹೊಸದು ಕೊಟ್ಟೆ. “ಆ ಬೆಟ್ಟ ಬರ್ದೋರು ಎಲ್ಲಿ ಸಾ? ನಮ್ ಮಾವ ಒಂದ್ ಕಿತ ಅವ್ರನ್ನ ನೋಡ್ಬೇಕು ಅಂತಾ ಅವ್ರೆ” ಎಂದಳು. ನಾನು ತಲೆಯೆತ್ತದೆ, “ಅವರು ಊರಲ್ಲಿಲ್ಲ” ಎಂದೆ. ಊಟದ ಕ್ಯಾರಿಯರ್ ತಂದಿದ್ದ ನಾಗರತ್ನ ಬಾಗಿಲಲ್ಲೇ ನಿಂತಿದ್ದಳು. ಚಿಕ್ಕತಾಯಮ್ಮ ಹೋದ ಮೇಲೆ ಅಂದಳು: “ಚೌಡಪ್ಪಣ್ಣ ಮೂರು ಬೀದಿ ಆಚೆ ಅವ್ರೆ. ಊರಲ್ಲಿಲ್ದೆ ಇರೋರು ನೀವು.”

ಅವತ್ತು ಊಟ ಸೇರಲಿಲ್ಲ. ಸಂಜೆ ಒಂದು ಹಾಳೆ ಅಚ್ಚು ಹಾಕಿದೆ. ‘ಈ ಆಟವನ್ನು ಬರೆದವರು ಚೌಡಪ್ಪ. ಎಂಟನೆಯ ನಿಯಮ ಮಾತ್ರ ಪ್ರೆಸ್ಸಿನವನು ಮಾಡಿದ ತಪ್ಪು. ಯೋಚನೆ ಮಾಡಿ ಇಟ್ಟದ್ದಲ್ಲ.’ ಎರಡು ಸಲವಲ್ಲ, ಹತ್ತು ಸಲ ಓದಿ ನೋಡಿಕೊಂಡು ಅವನ ಮನೆಗೆ ಹೋದೆ. ಚೌಡಪ್ಪ ಜಗಲಿಯ ಮೇಲಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಾಳೆ ಓದಿ, ಮಡಿಸಿ, ನನ್ನ ಕೈಗೇ ಕೊಟ್ಟ.

“ಇದ್ನ ನಂಗ್ಯಾಕ್ ತೋರುಸ್ತೀಯೆ? ನಂಗ್ ಗೊತ್ತಿಲ್ದೆ ಇರದಾ? ಆನೂರಲ್ಲಿ ಮೈಕ್ ಇಡ್ಕಂಡು ಏಳ್ದಲ್ಲ, ಅಲ್ಲೋಗಿ ಏಳು” ಎಂದು ಒಳಗೆ ಹೋದ.

ಹನೂರಿನಲ್ಲಿ ಈಗ ಯಾವ ವಾರ್ಷಿಕೋತ್ಸವವೂ ಇರಲಿಲ್ಲ. ಮೈಕು ಎಲ್ಲಿಂದ ತರಲಿ ಎಂದು ಮನೆಯಲ್ಲಿ ಗೊಣಗಿದೆ. “ಮೈಕಿಲ್ದಿದ್ರೆ ಬಾಯಿಲ್ವಾ?” ಎಂದಳು ನಾಗರತ್ನ. ಹೆಡ್ಮಾಸ್ಟರಿಗೆ ಫೋನು ಮಾಡಿ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಐದು ನಿಮಿಷ ಕೇಳಿಕೊಂಡೆ. ಮುಂಜಾನೆ ಬಸ್ಸು ಹತ್ತಿದರೆ, ಮುಂದಿನ ಕಿಟಕಿಯ ಪಕ್ಕ ಚೌಡಪ್ಪ ಕೂತಿದ್ದಾನೆ. ನಾಗರತ್ನ ಹೇಳಿ ಕಳಿಸಿರಬೇಕು. ಅವನು ನನ್ನ ಕಡೆ ನೋಡಲಿಲ್ಲ. ನಾನು ಅವನ ಪಕ್ಕ ಕೂರಲಿಲ್ಲ.

ಮಕ್ಕಳು ಸಾಲಾಗಿ ಬಿಸಿಲಲ್ಲಿ ನಿಂತಿದ್ದರು. ನಾನು ಹೇಳಿದೆ. ಆ ನಿಯಮ ನನ್ನ ಯೋಚನೆಯಲ್ಲ, ‘ಬಿ’ ಹೋಗಿ ‘ಗೆ’ ಆದ ತಪ್ಪು, ಅವತ್ತು ನಾನು ಸುಳ್ಳು ಹೇಳಿದೆ, ಆಟವೆಲ್ಲ ಅಗೋ ಗೇಟಿನ ಹತ್ತಿರ ನಿಂತಿದ್ದಾರಲ್ಲ ಅವರದು ಎಂದೆ. ಮಕ್ಕಳು ಗೊಳ್ಳೆಂದು ನಕ್ಕರು. ಎಲ್ಲರೂ ಗೇಟಿನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಚೌಡಪ್ಪ ತನ್ನ ಹಿಂದೆ ಯಾರಾದರೂ ಬಂದರೇನೋ ಎಂದು ತಿರುಗಿ ನೋಡಿದ.

ಹೊರಗೆ ಬಂದಾಗ, “ಬಾ, ಇಲ್ಲಿ ಗಂಟ ಬಂದಿದ್ದೀವಿ. ರಾಮಾಪುರಕ್ಕೋಗಿ ಆ ತಾಯಿ ಅಂಗ್ಡೀಲಿ ಇಡ್ಲಿ ತಿನ್ಕಂಡು ಬರನ” ಎಂದ. ಎರಡು ವರ್ಷಕ್ಕೆ ಅವನು ತಾನಾಗಿ ಆಡಿದ ಮೊದಲ ಮಾತು.

ಇಡ್ಲಿ ಅಂಗಡಿಯ ಹಿಂದಿನ ಚಪ್ಪರದಲ್ಲಿ ಆಟ ನಡೆದಿತ್ತು. ಚಿಕ್ಕತಾಯಮ್ಮನ ಮಾವ, ಇಬ್ಬರು ಗಿರಾಕಿಗಳು. ಆಟದ ಹಾಳೆಯ ಅಂಚೆಲ್ಲ ಸವೆದು, ಮಡಿಕೆಗೆ ಟೇಪು ಅಂಟಿಸಿತ್ತು. ಮಾವನ ಕಾಯಿ ತುದಿ ಮುಟ್ಟಿತು. ಅವರು ಕೂಡಲೇ ಇಳಿಯಲಿಲ್ಲ. ಸ್ವಾಧೀನವಿದ್ದ ಕೈಯ ಹೆಬ್ಬೆರಳಿನಿಂದ ಆ ಮಾವಿನಕಾಯಿ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಒಮ್ಮೆ ಸವರಿದರು. ಆಮೇಲೆ ಕಾಯಿಯನ್ನು ಕೆಳಗೆ ಇಟ್ಟರು. “ನಮ್ಮಲ್ಲಿ ಎಲ್ರೂ ಅಂಗೆಯಾ. ಸವರ್ದೆ ಇಳಿಯಂಗಿಲ್ಲ. ಮಾವ ಮಾಡಿರೋ ರೂಲ್ಸು” ಎಂದಳು ಚಿಕ್ಕತಾಯಮ್ಮ. ದಿನಕ್ಕೆ ಎಷ್ಟು ಜನ ಎಷ್ಟು ಸಲ ಸವರಿದ್ದರೋ, ಅಲ್ಲಿ ಕೆಂಪೂ ಹಸಿರೂ ಹೋಗಿ ಬಿಳಿ ಕಾಗದ ಕಾಣುತ್ತಿತ್ತು.

ಚೌಡಪ್ಪ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದ. ಅಳುತ್ತಾನೇನೋ ಎಂದು ನಾನು ಹೆದರಿದೆ. “ಎಂಥ ಇಂಕ್ ಆಕಿದ್ದೀಯ್ಲಾ ಮಾದೇವ? ಒಂದು ಬಣ್ಣನಾದ್ರೂ ನಿಂತದಾ?” ಎಂದು ಎಲ್ಲರ ಮುಂದೆ ನನಗೆ ಬೈದ. ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದ. ಆಟ ನಿಂತಿತು. ಒಂದೊಂದೇ ಚೌಕ ತುಂಬುತ್ತಾ ಹೋದ. ಮಾವ ಅಲುಗಾಡದೆ ಅವನ ಕೈಯನ್ನೇ ನೋಡುತ್ತಾ ಕೂತರು. ಎರಡು ಬಸ್ಸು ಬಂದು ಹೋದವು. ನಾನು ಆರು ಇಡ್ಲಿ ತಿಂದೆ. ಎರಡು ವರ್ಷದಲ್ಲಿ ಅಷ್ಟು ಹಸಿವಾಗಿದ್ದು ಅವತ್ತೇ.

ಈಗ ಅವನು ಮತ್ತೆ ಪ್ರೆಸ್ಸಿಗೆ ಬರುತ್ತಾನೆ. ನಮ್ಮ ಪ್ರಕಾಶನದಿಂದ ಇನ್ನೂ ಎರಡು ಆಟ ಬಂದಿವೆ. ಬರೆಯುವುದು ಅವನೇ, ಟೈಪ್ ಮಾಡುವುದು ನಾಗರತ್ನ; ನನಗೆ ಮೆಷಿನ್ನಿನ ಗುಂಡಿ ಒತ್ತುವ ಅಧಿಕಾರ ಕೊಟ್ಟಿದ್ದಾರೆ. ಶಾಲೆಗಳಿಗೆ ಕರೆದರೆ ಮಾತಾಡುವವನು ಚೌಡಪ್ಪ. ಎರಡು ನಿಮಿಷ ಮಾತಾಡಿ, ಒಂದು ಗಂಟೆ ಮಕ್ಕಳ ಜೊತೆ ನೆಲದ ಮೇಲೆ ಕೂತು ಆಡುತ್ತಾನೆ. ಹೋದ ತಿಂಗಳು ಯಳಂದೂರಿನ ಶಾಲೆಯಲ್ಲಿ ಒಬ್ಬಳು ಹುಡುಗಿ ನನ್ನ ಹತ್ತಿರ ಬಂದು, “ಸಾರ್, ಈ ಕಂಪನೀಲಿ ನೀವೇನು ಮಾಡ್ತೀರಿ?” ಎಂದು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ನನ್ನ ಗಂಟಲಲ್ಲಿ ಹತ್ತು ವಾಕ್ಯದ ಉತ್ತರ ಸಿದ್ಧವಾಗಿ ನಿಂತಿತು. ಅದರಲ್ಲಿ ಬದುಕು ಎಂಬ ಪದವೂ ಇತ್ತು. ಚೌಡಪ್ಪ ಬೀಜ ಎಸೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ.

“ಪ್ರಿಂಟು” ಎಂದೆ.

“ಅಷ್ಟೇನಾ ಸಾರ್?”

“ಅಷ್ಟೇ ಕಣಮ್ಮ.”

ಹುಡುಗಿ ಓಡಿಹೋದಳು. ಉಳಿದ ಒಂಬತ್ತು ವಾಕ್ಯಗಳು ಇನ್ನೂ ನನ್ನಲ್ಲೇ ಇವೆ. ಯಾರಿಗಾದರೂ ಹೇಳದಿದ್ದರೆ ನಿದ್ದೆ ಬರುವುದಿಲ್ಲ, ನಾಗರತ್ನ ಕೇಳುವುದಿಲ್ಲ; ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿಕೊಂಡೆ.